ಅರ್ಧ ತುಂಬಿದ ತೊಗರಿ ಚೀಲ

ಮಟಕಿ ಊರಿನ ನಮ್ಮ ಮನೆಯ ಪಡಸಾಲೆ ಈಗ ಅಂಗನವಾಡಿ. ಊರಿನ ಅಂಗನವಾಡಿಯ ಗೋಡೆ ಬಿರುಕು ಬಿಟ್ಟಾಗ, ರಿಪೇರಿ ಮುಗಿಯುವವರೆಗೆ ಇಲ್ಲೇ ನಡೆಸಿ ಎಂದು ನಾನೇ ಕರೆದು ಕೀಲಿ ಕೊಟ್ಟೆ. ರಿಪೇರಿ ಇನ್ನೂ ಮುಗಿದಿಲ್ಲ, ಮುಗಿಯಲಿ ಎಂಬ ಅವಸರ ನನಗಂತೂ ಇಲ್ಲ. ಕಲಬುರ್ಗಿಯಲ್ಲಿ ಆಯುಷ್ಯವೆಲ್ಲ ಇಂಗ್ಲಿಷ್ ಮೀಡಿಯಂ ಮಕ್ಕಳ ಗ್ರಾಮರ್ ತಿದ್ದಿ, ರಿಟೈರ್ ಆಗಿ, ಮದುವೆಯ ಗೊಡವೆಯಿಲ್ಲದ ಹೆಂಗಸಿಗೆ ಇದಕ್ಕಿಂತ ಒಳ್ಳೆಯ ಕಂಪನಿ ಎಲ್ಲಿ ಸಿಗಬೇಕು. ಮುತ್ಯಾ, ಅಂದರೆ ನಮ್ಮ ಅಪ್ಪನ ಅಪ್ಪ, ಲೋಡಿಗೆ ಒರಗಿ ಕೂಡುತ್ತಿದ್ದ ಜಾಗದಲ್ಲಿ ಈಗ ಬಣ್ಣದ ಚಾರ್ಟು ತೂಗುತ್ತದೆ. ಮಧ್ಯಾಹ್ನ ಮಕ್ಕಳು ಅದೇ ಫರಸಿ ಕಲ್ಲಿನ ನೆಲದ ಮೇಲೆ, ಅದೇ ಗೋಡೆಗುಂಟ ಸಾಲಾಗಿ ಕೂತು ಉಣ್ಣುತ್ತಾರೆ. ಆ ಸಾಲನ್ನು ನೋಡುವಾಗಲೆಲ್ಲ ನನ್ನ ಕಣ್ಣು ತಾನಾಗಿ ಒಂದು ಖಾಲಿ ಜಾಗ ಹುಡುಕುತ್ತದೆ. ಹಳೆಯ ಚಟ.

ಕಳೆದ ದೀಪಾವಳಿಯ ಹೊತ್ತಿಗೆ ಈ ಮಕ್ಕಳ ಸಾಲಿನಲ್ಲಿ ಆ ಜಾಗ ಯಾರದೆಂದು ಗೊತ್ತಾಯಿತು. ಓಣಿಯ ಕೊನೆಯ ಮನೆಯ ರೇಣುಕಾ, ಚೌಡಾಪುರದಿಂದ ಇಲ್ಲಿಗೆ ಸೊಸೆಯಾಗಿ ಬಂದವಳು, ತನ್ನ ನಾಲ್ಕು ವರ್ಷದ ಮಗಳು ಐಶುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಬಾಗಿಲಲ್ಲೇ ನಿಂತು, ಮಗುವಿನ ಪಾಲಿನ ಮೊಟ್ಟೆ ಇಸಿದುಕೊಂಡು ಹೋಗಿಬಿಡುತ್ತಿದ್ದಳು. ಐಶುವಿನ ಕಾಲು ಕತ್ತರಿಯಂತೆ ಒಂದರ ಮೇಲೊಂದು, ಕುತ್ತಿಗೆ ತುಸು ಓರೆ, ಕಣ್ಣುಗಳು ಮಾತ್ರ ಇಡೀ ಪಡಸಾಲೆಯನ್ನು ಗುಡಿಸುವ ಹಾಗೆ ತಿರುಗುತ್ತಿದ್ದವು.

“ಒಳಗ ಬಾರಬೇ ರೇಣುಕಾ. ಕೂಸಿನ್ನ ಜರಾ ಇಳಸು,” ಎಂದೆ ನಾನು ಒಂದು ದಿನ.

“ಬ್ಯಾಡ್ರಿ ಅಮ್ಮಾರೆ. ಇಕಿ ಕುಂಡ್ರಂಗಿಲ್ಲ, ವಾಲಿ ಬೀಳ್ತಾಳ. ನೆಲಕ್ಕ ಬಿಟ್ರ ನಮ್ಮತ್ತಿ ನನ್ನ ಮನಿಯಾಗ ಬಿಡಂಗಿಲ್ಲ.”

ಅಂಗನವಾಡಿ ಟೀಚರ್ ಸುಮಂಗಲಾ ಕೆಟ್ಟವಳಲ್ಲ. ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ನನಗೆ ಸಮಜಾಯಿಷಿ ಹೇಳಿದಳು.

“ಹೆಸರು ಹಚ್ಚೀನ್ರಿ, ನಾ ಏನ್ ಒಲ್ಲೆ ಅಂದಿಲ್ಲ. ಆದ್ರ ಬಿದ್ದು ತಲಿ ಒಡಕೊಂಡ್ರ ನನ್ನ ಕೊಳ್ಳಿಗಿ ಬರ್ತದ. ಇನ್‌ಕ್ಲೂಸಿವ್, ಇನ್‌ಕ್ಲೂಸಿವ್ ಅಂತ ಟ್ರೇನಿಂಗ್‌ನ್ಯಾಗ ಛಲೋ ಹೇಳಿದ್ರು. ಹ್ಯಾಂಗ ಕುಂಡ್ರಸೂದು ಅಂತ ನಾ ಕೇಳೂದ್ರಾಗ ಚಾ ಬಂತು.”

ರೇಣುಕಾ ಮೊಟ್ಟೆ ಸೆರಗಿಗೆ ಕಟ್ಟಿಕೊಂಡು ಹೊರಟಳು. ಅವಳ ನಡಿಗೆ ನೋಡಿ ನಾನು ಕಂಬ ಹಿಡಿದು ನಿಂತೆ. ಎಡ ಸೊಂಟ ಹೊರಗೆ, ಬಲ ಭುಜ ಕೆಳಗೆ, ಇಡೀ ಮೈ ಒಂದು ಕಡೆ ವಾಲಿದ ನಡಿಗೆ. ಅದು ನಮ್ಮ ಆಯಿಯ ನಡಿಗೆ. ಮುತ್ಯಾನ ಹೆಂಡತಿ, ನಮ್ಮ ಅಜ್ಜಿ, ನನ್ನ ತಂಗಿ ನೀಲಾಳನ್ನು ಹೊತ್ತು ಹೊತ್ತು ಹಾಗೇ ವಾಲಿಹೋಗಿದ್ದಳು. ಈ ರೇಣುಕಾಳನ್ನೂ ಹಾಗೆ ವಾಲಿಹೋಗಲು ಬಿಡಬಾರದು ಎಂದು ಅಂದೇ ನನಗೆ ನಾನೇ ಪ್ರಾಮಿಸ್ ಮಾಡಿಕೊಂಡೆ. ಹೇಗೆ ಎಂದು ನಾನು ಯಾವ ಪುಸ್ತಕದಲ್ಲೂ ಹುಡುಕಬೇಕಾಗಿರಲಿಲ್ಲ. ಅದನ್ನು ಈ ಪಡಸಾಲೆಯಲ್ಲೇ, ಹತ್ತು ವರ್ಷದವಳಿದ್ದಾಗ, ಕಣ್ಣಾರೆ ಕಂಡಿದ್ದೆ.

ಆಗ ಈ ಮನೆಯಲ್ಲಿ ಊಟ ಎಂದರೆ ಪಂಕ್ತಿ. ಮುತ್ಯಾ ನೀರಿನ ತಂಬಿಗೆ ನೆಲಕ್ಕೆ ಕುಕ್ಕಿದ ಸದ್ದು ಕೇಳಿದರೆ ಸಾಕು, ಅಪ್ಪ, ಕಾಕಾ, ಬಂದ ಜಂಗಮರು, ಹೊಲದಿಂದ ಬಂದ ಆಳುಮಕ್ಕಳು, ತಾಲೂಕು ಕಚೇರಿಯ ಸಾಹೇಬರಿದ್ದರೆ ಅವರೂ, ನಾವು ಮಕ್ಕಳೂ ಒಂದೇ ಸಾಲಿನಲ್ಲಿ ಬಂದು ಕೂಡಬೇಕು. ಎಲ್ಲರ ತಾಟಿಗೂ ರೊಟ್ಟಿ, ಪುಂಡಿಪಲ್ಯ, ಖಾರದ ಚಟ್ನಿಹಿಂಡಿ ಬಿದ್ದ ಮೇಲೆ ಮುತ್ಯಾ ಸಾಲಿನ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿ, ಬಸವಣ್ಣನ ಹೆಸರು ಹೇಳಿ ರೊಟ್ಟಿ ಮುರಿಯುತ್ತಿದ್ದ. ಅಲ್ಲಿಯವರೆಗೆ ಯಾರೂ ಕೈ ಹಚ್ಚುವ ಹಾಗಿಲ್ಲ. ನಾನು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಕಾನ್ವೆಂಟಿನ ಡೈನಿಂಗ್ ಹಾಲ್‌ನಲ್ಲಿ ಸಿಸ್ಟರ್‌ಗಳು ಊಟದ ಮುಂಚಿನ ಪ್ರಾರ್ಥನೆ, ಗ್ರೇಸ್, ಹೇಳಿಸುವಾಗ ನನಗೆ ಮುತ್ಯಾನ ತಂಬಿಗೆಯ ಸದ್ದೇ ನೆನಪಾಗುತ್ತಿತ್ತು. ಪಂಕ್ತಿಭೇದ ಮಾಡಿದ ಮನೆಯ ಕಾಳಿಗೆ ಹುಳ ಬೀಳುತ್ತದೆ ಎಂದು ಮುತ್ಯಾ ಹೇಳುವುದಿತ್ತು. ನಮ್ಮ ಮನೆಯಲ್ಲಿ ಭೇದವಿಲ್ಲ ಎಂಬುದು ಅವನ ದೊಡ್ಡ ಹೆಮ್ಮೆ. ಊರೂ ಒಪ್ಪುತ್ತಿತ್ತು.

ಆ ಸಾಲಿನಲ್ಲಿ ನೀಲಾ ಇರುತ್ತಿರಲಿಲ್ಲ. ಅವಳಿಗಾಗ ಐದು ವರ್ಷ. ಹುಟ್ಟಿದ ಕೂಡಲೇ ಅಳದೆ, ಸೂಲಗಿತ್ತಿ ನೀರು ಚಿಮುಕಿಸಿ ಅಳಿಸಿದ ಕೂಸು. ಕೈಕಾಲು ಒಮ್ಮೆ ಸೆಟೆದು ಕೋಲಾಗುವುದು, ಒಮ್ಮೆ ಒದ್ದೆ ಬಟ್ಟೆಯಂತೆ ಜೋಲುವುದು. ಸೆರೆಬ್ರಲ್ ಪಾಲ್ಸಿ ಎಂಬ ಹೆಸರು ನಾನು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆಗ ಮನೆಯಲ್ಲಿ ಹೇಳುತ್ತಿದ್ದುದು ‘ನಮ್ಮ ನೀಲಾ ಜರಾ ನಾಜೂಕು’ ಎಂದಷ್ಟೇ. ಆಯಿ ಅವಳನ್ನು ನೆಲಕ್ಕೆ ಬಿಡುತ್ತಿರಲಿಲ್ಲ. ನೆಲ ತಣ್ಣಗಿರುತ್ತದೆ, ಇರುವೆ ಇರುತ್ತವೆ, ದೃಷ್ಟಿ ತಾಗುತ್ತದೆ. ಬೆಳಗ್ಗೆ ಲಿಂಗಪೂಜೆಗೆ ಕೂತಾಗ ನೀಲಾಳ ಬಿಗಿದ ಎಡಗೈಯನ್ನು ಬಿಡಿಸಿ ತನ್ನ ಅಂಗೈ ಮೇಲಿಟ್ಟುಕೊಂಡು ಇಬ್ಬರ ಪೂಜೆಯನ್ನೂ ತಾನೇ ಮಾಡುತ್ತಿದ್ದಳು. ಪಂಕ್ತಿಗೆ ಮುಂಚೆ ಅಡುಗೆಮನೆಯ ಮೂಲೆಯಲ್ಲಿ ತೊಡೆಯ ಮೇಲೆ ಮಲಗಿಸಿ, ಬೆಳ್ಳಿ ಬಟ್ಟಲಿನಲ್ಲಿ ರೊಟ್ಟಿಯನ್ನು ಹಾಲುಕೆನೆಯಲ್ಲಿ ಕಿವಿಚಿ ಬೆರಳಿನಿಂದ ಉಣಿಸುತ್ತಿದ್ದಳು. ನಮಗೆ ಒಣ ರೊಟ್ಟಿ, ನೀಲಾಳಿಗೆ ಕೆನೆ. ಹಾಗಾಗಿ ಇದೂ ಒಂದು ಭೇದ ಎಂದು ಯಾರಿಗೂ, ಮುತ್ಯಾನಿಗೂ, ಹೊಳೆದಿರಲಿಲ್ಲ. ಕಡಿಮೆ ಕೊಟ್ಟು ಹೊರಗಿಟ್ಟರೆ ಕಣ್ಣಿಗೆ ಬೀಳುತ್ತದೆ, ಹೆಚ್ಚು ಕೊಟ್ಟು ಹೊರಗಿಟ್ಟರೆ ಬೀಳುವುದಿಲ್ಲ.

ಆ ವರ್ಷ ಹಾಸ್ಟೆಲಿನಲ್ಲಿ ಮಂಪ್ಸ್ ಹರಡಿ, ಕ್ರಿಸ್‌ಮಸ್ ರಜೆಗೆ ಬಹಳ ಮುಂಚೆಯೇ ನಮ್ಮನ್ನು ಮನೆಗೆ ಅಟ್ಟಿದ್ದರು. ನನಗೆ ಗದ್ದ ಊದಲೂ ಇಲ್ಲ, ಆದರೂ ರಜೆ. ಬಂದವಳೇ ನೀಲಾಳೊಡನೆ ಶಾಲೆ ಆಟ ಶುರುಮಾಡಿದೆ. ಗೋಡೆಗೆ ಒರಗಿಸಿ ‘ಸಿಟ್ ಸ್ಟ್ರೇಟ್’ ಎಂದರೆ ಅವಳು ನಗುನಗುತ್ತ ಪಕ್ಕಕ್ಕೆ ಜಾರುತ್ತಿದ್ದಳು. ದಿಂಬು ಇಟ್ಟೆ, ಜಾರಿದಳು. ಕೌದಿ ಸುತ್ತಿ ಇಟ್ಟೆ, ಕೌದಿಯೊಂದಿಗೇ ಉರುಳಿದಳು. ಆಯಿ ಬಂದು ನನ್ನ ಬೆನ್ನಿಗೆ ಒಂದು ಗುದ್ದಿ ಅವಳನ್ನು ಎತ್ತಿಕೊಂಡು ಹೋದಳು.

ಮೊದಲ ತೊಗರಿ ರಾಶಿ ಆಗತಾನೇ ಮನೆಗೆ ಬಂದಿತ್ತು. ಪಡಸಾಲೆಯ ಒಂದು ಬದಿ ಹೊಲಿದ ಚೀಲಗಳ ಗೋಡೆ. ಕೊನೆಯದು ಮಾತ್ರ ಅರ್ಧ ತುಂಬಿ, ಬಾಯಿ ಮಡಚಿಕೊಂಡು ನೆಲದ ಮೇಲೆ ಕೂತಿತ್ತು. ಒಂದು ಮುಂಜಾನೆ ಎಮ್ಮೆಕರು ಹಗ್ಗ ಕಿತ್ತುಕೊಂಡು ಹಾಲು ಕುಡಿಯಲು ತಾಯಿಯ ಕಡೆ ನುಗ್ಗಿತು. ನೀಲಾಳನ್ನು ಎತ್ತಿಕೊಂಡಿದ್ದ ಆಯಿ ಗಡಬಡಿಸಿ, ಕೈಗೆ ಹತ್ತಿರವಿದ್ದ ಆ ಅರ್ಧ ಚೀಲದ ಮೇಲೆ ಅವಳನ್ನು ಇಳಿಸಿ ಕರುವಿನ ಹಿಂದೆ ಓಡಿದಳು. ಕಾಳು ಜರುಗಿತು. ನೀಲಾ ಒಳಕ್ಕೆ ಕುಸಿದಳು. ಬೆನ್ನ ಹಿಂದೆ ಒಂದು ಒಡ್ಡು, ಎರಡು ಪಕ್ಕಕ್ಕೆ ಎರಡು ಒಡ್ಡು, ಕಾಲುಗಳ ನಡುವೆ ಒಂದು ಸಣ್ಣ ಗುಡ್ಡೆ, ಎಲ್ಲವೂ ತಾವಾಗಿಯೇ ಎದ್ದವು. ಅವಳು ಜಾರಲಿಲ್ಲ. ಯಾರ ಕೈಯೂ ಇಲ್ಲದೆ ಕೂತಳು. ಚೀಲದ ತೆರೆದುಕೊಂಡ ಬಾಯಿಯೊಳಗೆ ಕೈ ಹಾಕಿ ಕಾಳು ತೆಗೆದು ಚೆಲ್ಲಿದಳು, ಮತ್ತೆ ತೆಗೆದಳು. ಅವಳ ಎರಡೂ ಕೈ ಒಟ್ಟಿಗೆ ಕೆಲಸ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಮೈಯನ್ನು ಹಿಡಿದುಕೊಳ್ಳುವ ಕೆಲಸವನ್ನು ಚೀಲ ವಹಿಸಿಕೊಂಡಿತ್ತು, ಕೈಗಳು ಖಾಲಿಯಾಗಿದ್ದವು.

ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. ಕರು ಕಟ್ಟಿ ಬಂದ ಆಯಿ ಬಾಗಿ ಎತ್ತಿಕೊಳ್ಳಲು ಹೋದಾಗ ಅವ್ವ ಅಡ್ಡ ಬಂದಳು.

“ಇರ್ಲಿ ಬಿಡ್ರಿ ಅತ್ತಿ. ಕುಂತಾಳ.”

“ಕುಂತಾಳಂತ. ಚೀಲದ ನಾರು ಚುಚ್ಚತದ ಕೂಸಿಗಿ.”

“ಚುಚ್ಚಿದ್ರ ಅಳ್ತಾಳ. ಅಳಾಕತ್ತಿಲ್ಲ, ನೋಡ್ರಿ.”

ಅತ್ತೆಗೆ ಎದುರು ಮಾತನಾಡಿದ್ದಕ್ಕೆ ಅವ್ವನೇ ಬೆಚ್ಚಿದಂತಿತ್ತು. ಆದರೆ ಜೇವರ್ಗಿ ಕಡೆಯ ಹೆಣ್ಣುಮಕ್ಕಳು ಒಮ್ಮೆ ಹಿಡಿದದ್ದನ್ನು ಬಿಡುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದುದು ಸುಳ್ಳಲ್ಲ. ಅಂದಿನಿಂದ ದಿನಾಲು ಮುಂಜಾನೆ ಅವ್ವ ನೀಲಾಳನ್ನು ಆ ಚೀಲದಲ್ಲಿ ಕೂರಿಸತೊಡಗಿದಳು. ಮೇಲೆ ಮೆತ್ತನೆಯ ಹಳೆ ಧೋತರ ಹಾಸಿದಳು. ಸೌದೆ ಪೆಟ್ಟಿಗೆಯ ಹಲಗೆಯೊಂದನ್ನು ಕಲ್ಲಿನ ಮೇಲಿಟ್ಟು ಮುಂದಕ್ಕೆ ಟೇಬಲ್ ಮಾಡಿದಳು. ನಾನು ಅದರ ಮೇಲೆ ಸೀಮೆಸುಣ್ಣದಿಂದ ಎ, ಬಿ, ಸಿ ಬರೆದರೆ, ನೀಲಾ ಅಂಗೈಯಿಂದ ಅಳಿಸಿ ಗೆದ್ದವಳ ಹಾಗೆ ನಗುತ್ತಿದ್ದಳು. ಒಂದು ದಿನ ಅವಳ ಮೂಗಿನಲ್ಲಿ ತೊಗರಿಕಾಳು ಸಿಕ್ಕಿಕೊಂಡಿತು. ಮನೆಯೆಲ್ಲ ಗಾಬರಿ. ಕಾಕಾನ ಹೆಂಡತಿ, ಹವಳಗಾ ಊರಿನ ನಮ್ಮ ಕಾಕು, ತನ್ನ ನಸ್ಯದ ಡಬ್ಬಿ ತೆಗೆದು ಚಿಟಿಕೆ ಹಿಡಿದಳು. ನೀಲಾ ಸೀನಿದ ರಭಸಕ್ಕೆ ಕಾಳು ಹೋಗಿ ಕಾಕಾನ ಚಹಾದೊಳಗೆ ಬಿತ್ತು.

“ಕುಡೀರಿ,” ಎಂದಳು ಕಾಕು ಗಂಡನಿಗೆ. “ಬ್ಯಾಳಿ ಹಾಕಿದ ಚಾ ಯಾರಿಗಿ ಸಿಗ್ತದ.”

ಅಂದೇ ಅವ್ವ ದಬ್ಬಣ ಹಿಡಿದು ಚೀಲದ ಬಾಯಿ ಒತ್ತಾಗಿ ಹೊಲಿದಳು. ಆದರೆ ನಗುವಿನ ದಿನಗಳೇ ಎಲ್ಲ ಆಗಿರಲಿಲ್ಲ. ಒಂದು ಮಧ್ಯಾಹ್ನ ಅವ್ವ ಒಲೆಯ ಕಡೆ ತಿರುಗಿದಾಗ ನೀಲಾ ಮುಂದಕ್ಕೆ ಮುಗ್ಗರಿಸಿ ಹಲಗೆಯ ಅಂಚಿಗೆ ತುಟಿ ಒಡೆದುಕೊಂಡಳು. ರಕ್ತ ನೋಡಿದ ಆಯಿ ಇಡೀ ಓಣಿಗೆ ಕೇಳುವಂತೆ ಅವ್ವನನ್ನು ಬೈದಳು.

“ಹೆತ್ತಾಕಿ ಅದೀಯೋ, ವೈರಿ ಅದೀಯೋ? ನಾ ಐದು ವರ್ಷ ಒಂದು ತರಚು ಆಗಗೊಟ್ಟಿಲ್ಲ ಇಕಿ ಮೈಗಿ.”

“ನೀವು ಇರೂತನ ಆಗಗೊಡಂಗಿಲ್ರಿ ಅತ್ತಿ. ನಿಮ್ಮ ಕಾಲಿಗಿ ಈಗೇ ಬ್ಯಾನಿ. ನೀವು ಹೋದ ಮ್ಯಾಲ ಇಕಿನ್ನ ಯಾರ್ ಹೊರ್ತಾರ? ನಾ ಹೊತ್ತೇನು. ನಾ ಹೋದ ಮ್ಯಾಲ?”

ಆಯಿ ನೀಲಾಳನ್ನು ಎತ್ತಿಕೊಂಡು ದೇವರ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪ ಅವ್ವನಿಗೆ ‘ಸಾಕು ಮಾಡು’ ಎಂದ. ಅವ್ವ ಹಲಗೆಯ ಅಂಚಿಗೆ ಚಿಂದಿ ಸುತ್ತಿ ಹೊಲಿಯುತ್ತ ಕೂತಳು. ಕಾನ್ವೆಂಟಿನಲ್ಲಿ ನನ್ನನ್ನು ಸಿಸ್ಟರ್‌ಗಳು ‘ಸ್ಟಬರ್ನ್ ಗರ್ಲ್’ ಎಂದು ಬೈಯುವಾಗ ನನಗೆ ಅಂಥ ಅವಮಾನವೇನೂ ಆಗದಿದ್ದುದು ಏಕೆಂದು ಆ ಸೂಜಿಯ ಕೆಲಸ ನೋಡುತ್ತ ತಿಳಿಯಿತು. ಸ್ಟಬರ್ನ್ ಎಂದರೆ ನಮ್ಮ ಅವ್ವ.

ಅಷ್ಟರಲ್ಲಿ ಎಳ್ಳಮಾಸಿ ಬಂತು. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸೊಪ್ಪು ಕಾಳು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜಿ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಅಂಬಲಿ, ಎಲ್ಲ ಕಟ್ಟಿಕೊಂಡು ಬಂಡಿಯಲ್ಲಿ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಅಡುಗೆಯ ಎಡೆ, ಅಂದರೆ ಚರಗ, ಚೆಲ್ಲಿ, ಬನ್ನಿಗಿಡದ ಕೆಳಗೆ ಪಂಕ್ತಿ ಹಾಕಬೇಕು. ಆ ದಿನ ಬಡಿಸಿದವರೂ ಸಾಲಿನಲ್ಲಿ ಕೂಡುತ್ತಾರೆ, ಹೆಂಗಸರು ಹಿಂದೆ ಉಳಿಯುವಂತಿಲ್ಲ. ಬುಟ್ಟಿಗಳನ್ನು ಬಂಡಿಗೆ ಏರಿಸಿದ ಮೇಲೆ ಅವ್ವ ಪಡಸಾಲೆಗೆ ಹೋಗಿ ಅರ್ಧ ಚೀಲವನ್ನು ದರದರ ಎಳೆದು ತಂದಳು. ಬಂಡಿ ಹೂಡುತ್ತಿದ್ದ ಕಾಕಾ ಸುಮ್ಮನೆ ನೋಡಿದ. ಕಾಕು ಸುಮ್ಮನಿರುವವಳಲ್ಲ.

“ಎಲ್ಲಾರ ಹೊಲದಾಗಿನ ತೊಗರಿ ಮನಿಗಿ ಬರ್ತದ. ನಮ್ಮ ಯಕ್ಕಾನ ತೊಗರಿ ಮನಿಯಿಂದ ಹೊಲಕ್ಕ ಹೊಂಟದ ನೋಡ್ರಿ.”

ಹೀಗೆ ಅಣಕಿಸುತ್ತಲೇ ಚೀಲದ ಇನ್ನೊಂದು ತುದಿ ಹಿಡಿದು ಬಂಡಿಗೆ ಏರಿಸಿದವಳೂ ಅವಳೇ.

ಹೊಲದಲ್ಲಿ ಚರಗ ಚೆಲ್ಲುವುದು ಮುಗಿಯಿತು. ಅವ್ವ ಸಾಲಿನ ನಡುವೆ, ನನ್ನ ಪಕ್ಕಕ್ಕೆ, ಚೀಲವನ್ನಿಟ್ಟು ಮುಷ್ಟಿಯಿಂದ ಗುದ್ದಿ ತಗ್ಗು ಮಾಡಿದಳು. ಮುಂದೆ ಒಂದು ತಾಟು ಇಟ್ಟಳು. ಎಲ್ಲರ ತಾಟಿಗೂ ಬಡಿಸಿದಂತೆ ಅದಕ್ಕೂ ಭಜ್ಜಿ, ಕಡಬು ಬಡಿಸಿದಳು. ಆಯಿ ಆಗಲೇ ಬಂಡಿಯ ನೆರಳಿಗೆ ನೀಲಾಳನ್ನು ಮಲಗಿಸಿಕೊಂಡು, ಸೆರಗಿನಿಂದ ಬೆಳ್ಳಿ ಬಟ್ಟಲು ಹೊರತೆಗೆದಿದ್ದಳು. ಮುತ್ಯಾ ತಂಬಿಗೆ ಕುಕ್ಕಿದ. ಈ ತುದಿಯಿಂದ ಆ ತುದಿಗೆ ನೋಡಿದ. ಚೀಲದ ಮುಂದಿನ ತಾಟಿನ ಹತ್ತಿರ ಅವನ ಕಣ್ಣು ನಿಂತಿತು.

ನಮ್ಮ ಅವ್ವ ಮಾವನ ಎದುರು ನಿಂತು ಮಾತಾಡಿದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ನೆಲ ನೋಡುತ್ತ, ಆದರೆ ಗಟ್ಟಿಯಾಗಿ ಹೇಳಿದಳು.

“ಮಾವಾರೆ, ನಮ್ಮ ಪಂಕ್ತಿ ಒಳಗ ಒಬ್ಬಾಕಿ ಕಡಿಮಿ ಅದಾಳ್ರಿ. ಇವತ್ತೊಂದೇ ಅಲ್ರಿ, ಐದು ವರ್ಷದಿಂದ ಕಡಿಮಿ ಅದಾಳ.”

ಅಪ್ಪ ತಲೆ ತಗ್ಗಿಸಿದ. ಕಡಬಿನ ಮೇಲಿನ ತುಪ್ಪ ಬಿಳಿಚಿಕೊಂಡಿತು. ಆಮೇಲೆ ಮುತ್ಯಾ ಮುರಿಯಲೆಂದು ಹಿಡಿದಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟುಬಿಟ್ಟ.

“ಆಕಿ ಬಂದು ಕುಂಡ್ರೂತನ ಯಾರೂ ಕೈ ಹಚ್ಚಬ್ಯಾಡ್ರಿ.”

ಬಂಡಿಯ ಕೆಳಗಿಂದ ಆಯಿಯ ದನಿ ಬಂತು.

“ಎಲ್ಲಾರೂ ಉಪಾಸ ಇರ್ರಿ ಹಂಗಾರ. ನಾ ಕೂಸಿನ್ನ ಕೊಡಂಗಿಲ್ಲ.”

ಯಾರೂ ಏಳಲಿಲ್ಲ. ಆಳುಮಕ್ಕಳು ಹಸಿದಿದ್ದರು, ನಾವೂ ಹಸಿದಿದ್ದೆವು. ಬಿಸಿಲು ತಾಟುಗಳ ಮೇಲೆ ಸರಿಯತೊಡಗಿತು. ಹಟ ಮುರಿದವಳು ನೀಲಾ. ಆಯಿ ಕೆನೆಯ ಬೆರಳನ್ನು ಬಾಯಿಗೆ ತಂದಾಗ ಅವಳು ಮೋರೆ ತಿರುಗಿಸಿದಳು. ಮತ್ತೆ ತಂದಾಗ ಬಿಗಿದ ಮುಷ್ಟಿಯಿಂದಲೇ ಬಟ್ಟಲನ್ನು ತಳ್ಳಿದಳು. ಹಾಲು ಮಣ್ಣಿಗೆ ಹೋಯಿತು. ಸಾಲಿನ ಕಡೆ, ಚೀಲದ ಕಡೆ, ಇಡೀ ಮೈಯನ್ನು ಬಿಲ್ಲಿನಂತೆ ಬಾಗಿಸಿ ದನಿ ತೆಗೆದಳು. ಮಾತು ಇನ್ನೂ ಬಾರದವಳ ಆ ದನಿಯಲ್ಲಿ ತಿಳಿಯದ್ದು ಏನೂ ಇರಲಿಲ್ಲ.

ಆಯಿ ಚೆಲ್ಲಿದ ಹಾಲನ್ನು ನೋಡಿದಳು, ಕೂಸನ್ನು ನೋಡಿದಳು. ಎದ್ದು, ವಾಲುತ್ತ ನಡೆದು ಬಂದು, ತಾನೇ ನೀಲಾಳನ್ನು ಚೀಲದ ತಗ್ಗಿನಲ್ಲಿ ಇಳಿಸಿದಳು. ಅವ್ವ ಮಾಡಿದ ತಗ್ಗು ಸರಿಯಿಲ್ಲವೆಂಬಂತೆ ಕಾಳನ್ನು ಅತ್ತಿತ್ತ ಒತ್ತಿ, ಪಕ್ಕದ ಒಡ್ಡು ಎತ್ತರಿಸಿದಳು. ಆಮೇಲೆ ಅಲ್ಲೇ ಪಕ್ಕದಲ್ಲಿ ಕೂತಳು. ಮುತ್ಯಾ ಬಸವಣ್ಣನ ಹೆಸರು ಹೇಳಿ ರೊಟ್ಟಿ ಮುರಿದ. ನೀಲಾ ಭಜ್ಜಿಯೊಳಗೆ ಕೈ ಅದ್ದಿ ಬಾಯಿಯ ಕಡೆ ತಂದಳು. ಅರ್ಧ ಲಂಗಕ್ಕೆ, ಅರ್ಧ ಗಲ್ಲಕ್ಕೆ, ತುಸು ಬಾಯಿಗೆ. ಆಯಿಯ ಕೈ ತಡೆಯಲಾರದೆ ಮುಂದೆ ಹೋಗುವುದು, ನೀಲಾ ಅದನ್ನು ತಳ್ಳುವುದು ಊಟ ಮುಗಿಯುವವರೆಗೂ ನಡೆಯಿತು.

“ಅವ್ವನಂಗೇ ಹಟಮಾರಿ ಹುಟ್ಯಾಳ,” ಎಂದಳು ಆಯಿ, ಯಾರಿಗೂ ಅಲ್ಲದಂತೆ. ಬೈಗುಳದಲ್ಲಿ ಮೊದಲಿನ ಕಾವು ಇರಲಿಲ್ಲ.

ಬೇಸಿಗೆ ಕಳೆದು ಬಾಲವಾಡಿ ತೆರೆದ ದಿನ ಅವ್ವ ಕಾಳು ತುಸು ತೆಗೆದು ಹಗುರ ಮಾಡಿದ ಚೀಲವನ್ನು ತಲೆಯ ಮೇಲೆ, ನೀಲಾಳನ್ನು ಕಂಕುಳಲ್ಲಿ ಹೊತ್ತು, ಅದು ನಡೆಯುತ್ತಿದ್ದ ಗುಡಿಯ ಕಟ್ಟೆಗೆ ಹೋದಳು. ಬಾಲವಾಡಿಯ ಬಾಯಿ, ಅಂದರೆ ಅಲ್ಲಿಯ ಟೀಚರು, ಮೊದಲು ಒಲ್ಲೆ ಎಂದರಂತೆ. ಅವ್ವ ಚೀಲ ಇಳಿಸಿ, ಗುದ್ದಿ ತಗ್ಗು ಮಾಡಿ, ಮಗಳನ್ನು ಕೂರಿಸಿ, ತಾನು ಹೊರಗೆ ಬೇವಿನ ಬುಡದಲ್ಲಿ ಕೂತುಬಿಟ್ಟಳು. ಒಂದು ಹಂಗಾಮು ಹಾಗೆಯೇ ಕೂತಳು. ನೀಲಾ ನಡೆಯಲಿಲ್ಲ, ಅಂಥ ಪವಾಡವೇನೂ ಆಗಲಿಲ್ಲ. ಆದರೆ ಕೂತಳು, ತೊದಲಿದಳು, ಎಣಿಸಿದಳು, ತಡವಾಗಿಯಾದರೂ ಓದಲು ಕಲಿತಳು. ಮುಂದೆ ಈ ಪಡಸಾಲೆಯಲ್ಲಿ ಕೂತೇ ಮನೆಯ ಯಜಮಾನಿಕೆ ಮಾಡಿ, ನಾನು ಕಲಬುರ್ಗಿಯಿಂದ ಬಂದಾಗಲೆಲ್ಲ ಪಂಕ್ತಿ ತಪ್ಪಿಸಿ ಅಡುಗೆಮನೆಯಲ್ಲಿ ನಿಂತು ತಿಂದರೆ ಬೈಯುತ್ತಿದ್ದಳು. ಅವಳು ತೀರಿಹೋದ ಮೇಲೆ ಈ ಮನೆಯಲ್ಲಿ ನನ್ನನ್ನು ಬೈಯುವವರು ಉಳಿದಿಲ್ಲ. ಊಟದ ಸಾಲಿನಲ್ಲಿ ನನ್ನ ಕಣ್ಣು ಹುಡುಕುವ ಖಾಲಿ ಜಾಗ ಅವಳದೇ.

ರೇಣುಕಾಳನ್ನು ಒಪ್ಪಿಸಲು ನನಗೆ ಎಳ್ಳಮಾಸಿಯವರೆಗೆ ಹಿಡಿಯಿತು. ಮೊದಲು ಅವಳನ್ನೂ ಐಶುವನ್ನೂ ಅವಳ ಅತ್ತೆಯನ್ನೂ ಆಳಂದಕ್ಕೆ ಕರೆದುಕೊಂಡು ಹೋಗಿ ಫಿಸಿಯೋಥೆರಪಿ ಡಾಕ್ಟರಿಗೆ ತೋರಿಸಿದೆ. ನಮ್ಮ ಚೀಲದ ಕಥೆಯನ್ನು ಆ ಡಾಕ್ಟರ್ ಹುಡುಗಿ ಪೂರ್ತಿ ಕೇಳಿದಳು. ಬೆನ್ನಿಗೂ ಪಕ್ಕಗಳಿಗೂ ಆಸರೆ ಕೊಡುವ ಕುರ್ಚಿ ಮಾಡಿಸಿಕೊಡುತ್ತೇವೆ, ಅದು ಬರುವವರೆಗೆ ಚೀಲ ನಡೆಯುತ್ತದೆ, ಆದರೆ ಪಕ್ಕದಲ್ಲಿ ಯಾವಾಗಲೂ ಒಬ್ಬರಿರಬೇಕು, ನಡುನಡುವೆ ಎತ್ತಿ ಮಲಗಿಸಬೇಕು ಎಂದಳು. ಎತ್ತುವುದು ಹೇಗೆ, ಕಾಲುಗಳನ್ನು ಬಿಡಿಸಿ ಇಡುವುದು ಹೇಗೆ ಎಂದು ಅತ್ತೆಯ ಕೈಯಿಂದಲೇ ಮಾಡಿಸಿ ತೋರಿಸಿದಳು. ಮನೆಗೆ ಬಂದು ನಾನು ಹೊಸ ತೊಗರಿಯನ್ನು ಚೀಲಕ್ಕೆ ಅರ್ಧ ತುಂಬಿ, ದಬ್ಬಣಕ್ಕೆ ದಾರ ಪೋಣಿಸಲಾರದೆ ಸುಮಂಗಲಾಳಿಗೆ ಕೊಟ್ಟೆ.

“ಟೀಚರ್ರಿ, ಇದಕ್ಕ ಹುಳ ಬಿದ್ರ?” ಎಂದಳು ಅವಳು ಹೊಲಿಯುತ್ತ.

“ಬೀಳಂಗಿಲ್ಲ. ಪಂಕ್ತಿ ಸರಿ ಇದ್ದ ಮನಿ ಕಾಳಿಗಿ ಹುಳ ಬೀಳಂಗಿಲ್ಲ.”

ಮರುದಿನ ಮಧ್ಯಾಹ್ನ ಐಶು ಸಾಲಿನ ನಡುವೆ ಕೂತಳು. ಎಡಕ್ಕೊಬ್ಬ ತುಂಟ, ಬಲಕ್ಕೊಬ್ಬಳು ಜಡೆಯವಳು. ತುಂಟ ಅವಳ ಚೀಲವನ್ನು ಗುದ್ದಿ ನೋಡಿ, ನನಗೂ ಒಂದು ಬೇಕು ಎಂದು ರಂಪ ಮಾಡಿದ. ಸುಮಂಗಲಾ ಈ ತುದಿಯಿಂದ ಅನ್ನ ಬಡಿಸುತ್ತ ಬಂದಳು. ಮಗಳ ಹಿಂದೆ ಮೊಣಕಾಲೂರಿ ಕೂತಿದ್ದ ರೇಣುಕಾ ಮೊಟ್ಟೆ ಮುರಿದು ಬಾಯಿಗಿಡಲು ಕೈ ಚಾಚಿದಳು. ಐಶು ಆ ಕೈಯನ್ನು ತಳ್ಳಿದಳು. ರೇಣುಕಾ ನನ್ನ ಕಡೆ ನೋಡಿದಳು, ಅಳಬೇಕೋ ನಗಬೇಕೋ ತಿಳಿಯದೆ. ಮೊಟ್ಟೆ ಎಷ್ಟೋ ನೆಲಕ್ಕೆ ಬಿತ್ತು, ಎಷ್ಟೋ ಬಾಯಿಗೆ ಹೋಯಿತು.

ಊಟವಾದ ಮೇಲೆ ಹಾಡಿನ ಹೊತ್ತು. ನಾನು ಐಶುವಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು, ರೇಣುಕಾಳನ್ನು ಮನೆಗೆ ಹೋಗಿ ತಾನೂ ಉಂಡು ಬಾ ಎಂದೆ. ಅವಳು ಹೊರಟಳು. ಕಂಕುಳಲ್ಲಿ ಯಾರೂ ಇರಲಿಲ್ಲ, ಆದರೂ ಸೊಂಟ ಎಡಕ್ಕೆ ವಾಲಿಯೇ ಇತ್ತು. ಹೊಸ್ತಿಲು ದಾಟಿದವಳು ಏನೋ ಮರೆತಂತೆ ತಿರುಗಿ ನಿಂತಳು.

“ನಾಳಿ ಎಷ್ಟೊತ್ತಿಗಿ ತರ್ಲಿರಿ ಅಮ್ಮಾರೆ, ಇಕಿನ್ನ?”

“ಎಲ್ಲಾರೂ ಬರೂ ಹೊತ್ತಿಗಿ,” ಎಂದೆ.